ಬಲಕ್ಕೆ ವಾಲಿದ ವ್ಯಾನು

ನಮ್ಮ ವ್ಯಾನು ಬಲಗಡೆಗೆ ವಾಲಿಕೊಂಡಿದೆ ಎಂಬುದನ್ನು ಮೊಟ್ಟಮೊದಲು ಕಂಡುಹಿಡಿದವರು ನಮ್ಮ ಅತ್ತೆಯವರು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಸೊಂಟ ನೇರ ಮಾಡಿಕೊಂಡು ನಿಂತವರು ಪೋರ್ಟಿಕೋದಲ್ಲಿದ್ದ ಗಾಡಿಯನ್ನು ಒಂದು ನಿಮಿಷ ದಿಟ್ಟಿಸಿ, "ಇದೇನಮ್ಮ, ಗಾಡಿ ಒಂದು ಕಾಲು ಕುಂಟಿದಂಗೆ ನಿಂತೈತೆ?" ಎಂದರು. ನಾನು ಡಬ್ಬಿಗೆ ಚಿತ್ರಾನ್ನ ತುಂಬುವ ಅವಸರದಲ್ಲಿದ್ದೆ. "ನಿಮ್ಮ ಕನ್ನಡಕ ಒರೆಸಿಕೊಳ್ಳಿ ಅತ್ತೆ" ಎಂದು ಒಳಗಿನಿಂದಲೇ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ಒರೆಸಿದ ಮ್ಯಾಲೆ ಇನ್ನೂ ಜಾಸ್ತಿ ಕಾಣ್ತದೆ" ಎಂದರು.

ಇದು 2017ರ ಮಾರ್ಚ್ ತಿಂಗಳ ಮಾತು. ನಾವಿರುವುದು ತಿಪಟೂರಿನಲ್ಲಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ನಮ್ಮವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಊರಿನಿಂದ ಎಂಟು ಮೈಲಿ ದೂರದಲ್ಲಿ ಮಾವನವರ ಕಾಲದ ಒಂದು ತೆಂಗಿನ ತೋಟ. ಈ ತೋಟಕ್ಕೆ ಹೋಗಿಬರಲು ಅನುಕೂಲವಾಗಲಿ ಎಂದು 2010ರಲ್ಲಿ ಹಳೆಯ ಓಮ್ನಿ ವ್ಯಾನೊಂದನ್ನು ಕೊಂಡಿದ್ದೆವು. ನಿಮಗೆಲ್ಲ ಗೊತ್ತಿರುವ ಗಾಡಿಯೇ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, 1988ರಲ್ಲಿ ಓಮ್ನಿ ಎಂದು ಹೆಸರು ಬದಲಾಯಿಸಿಕೊಂಡು, 2019ರಲ್ಲಿ ಕಾರ್ಖಾನೆಯಲ್ಲಿ ತಯಾರಾಗುವುದು ನಿಂತಿತು. ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವುದೂ ಅದೇ, ಮದುವೆಮನೆಗೆ ಪಾತ್ರೆ ಸಾಗಿಸುವುದೂ ಅದೇ, ಸಿನಿಮಾದಲ್ಲಿ ನಾಯಕಿಯನ್ನು ಅಪಹರಿಸಲು ಖಳನಾಯಕ ತರುವುದೂ ಅದೇ. ನಮ್ಮ ಮನೆಯಲ್ಲಿ ಅಪಹರಣವೊಂದನ್ನು ಬಿಟ್ಟು ಉಳಿದೆಲ್ಲ ಕೆಲಸಕ್ಕೂ ಅದನ್ನು ಬಳಸಿಕೊಂಡಿದ್ದೆವು.

ಅತ್ತೆಯವರು ಹೇಳಿದ ಮೇಲೆ ಊರಿಗೆಲ್ಲ ಅದು ಕಾಣಿಸತೊಡಗಿತು. ಎದುರುಮನೆಯಾಕೆ, "ಏನ್ರೀ, ನಿಮ್ಮ ವ್ಯಾನು ನಾಚಿಕೊಂಡು ನಿಂತಿದೆಯಲ್ಲ" ಎಂದರು. ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ ಕೂರುವ ಕಡೆಗೆ ವಾಲಿರಬೇಕು" ಎಂದು ನಕ್ಕರು. ನನ್ನ ತೂಕದ ಬಗ್ಗೆ ಮಾತಾಡುವ ಹಕ್ಕನ್ನು ನಾನು ಯಾರಿಗೂ ಕೊಟ್ಟಿಲ್ಲ. ಆದರೂ ಅಂದು ಮಾತ್ರ ನಗುನಗುತ್ತಲೇ ಉತ್ತರ ಕೊಟ್ಟೆ: "ಸಾರ್, ನಾನು ಕೂರುವುದು ಎಡಗಡೆ, ಗಾಡಿ ವಾಲಿರುವುದು ಬಲಗಡೆ. ಬಲಗಡೆ ಸ್ಟಿಯರಿಂಗ್ ಹಿಡಿದು ಕೂರುವವರು ನಮ್ಮ ಯಜಮಾನರು." ಹೆಂಗಸರ ಪರವಾಗಿ ಇಷ್ಟು ಸ್ಪಷ್ಟವಾದ ಸಾಕ್ಷಿಯನ್ನು ಯಾವ ಗಾಡಿಯೂ ಹೇಳಿರಲಾರದು.

ನಮ್ಮವರಿಗೆ ಮೊದಲಿನಿಂದಲೂ ಒಂದು ವ್ರತ. ಮನೆಯಲ್ಲಿ ಏನೇ ಕೆಟ್ಟರೂ ತಾವೇ ಬಿಚ್ಚಬೇಕು. ಮಿಕ್ಸಿ, ಫ್ಯಾನು, ನಲ್ಲಿ, ನನ್ನ ಹೊಲಿಗೆ ಯಂತ್ರ, ಎಲ್ಲವೂ ಅವರ ಕೈಯಲ್ಲಿ ಬಿಚ್ಚಿಸಿಕೊಂಡಿವೆ. ಹೆಚ್ಚಿನವು ಮತ್ತೆ ಕೂಡಿಕೊಂಡಿವೆ ಎನ್ನುವುದನ್ನೂ ನ್ಯಾಯವಾಗಿ ಹೇಳಬೇಕು. ಒಬ್ಬ ಮೆಕ್ಯಾನಿಕ್ಕು ವ್ಯಾನು ನೋಡಿ, "ಹಿಂದಿನ ಬ್ಲೇಡ್ ಕೆಲಸ ಐತೆ ಸಾರ್, ಎರಡೂ ಕಡೆ ಮಾಡಿಸಬೇಕು, ಆರೇಳು ಸಾವಿರ ಆಗುತ್ತೆ" ಎಂದಾಗ ನಮ್ಮವರು ಮುಖ ಚಿಕ್ಕದು ಮಾಡಿಕೊಂಡು ಬಂದರು. "ವಾಲಿರೋದು ಒಂದು ಕಡೆ. ಎರಡು ಕಡೆಗೂ ದುಡ್ಡು ಯಾಕೆ ಕೊಡಬೇಕು? ಬೇಸಿಗೆ ರಜೆಯಲ್ಲಿ ನಾನೇ ಮಾಡ್ತೀನಿ" ಎಂದರು. ನನಗೆ ಗೊತ್ತಿದ್ದದ್ದು ಪೆನ್ಸಿಲ್ ಕೆತ್ತುವ ಬ್ಲೇಡು ಒಂದೇ. ಗಾಡಿಗೂ ಬ್ಲೇಡು ಇರುತ್ತದೆಂದು ತಿಳಿದದ್ದು ಆಗಲೇ.

ರಜೆ ಬರುವ ತನಕ ಊರಿನ ಪಂಡಿತರೆಲ್ಲ ಒಂದೊಂದು ಔಷಧಿ ಹೇಳಿದರು. ಒಬ್ಬರು ಬಲಗಡೆಯ ಟೈರಿಗೆ ಗಾಳಿ ಜಾಸ್ತಿ ಹಾಕಿಸಿ ಎಂದರು. ಹಾಕಿಸಿದೆವು. ವಾಲುವುದು ಹೆಚ್ಚೇನೂ ಕಡಿಮೆಯಾಗಲಿಲ್ಲ, ಕುಲುಕಾಟ ಮಾತ್ರ ಹೆಚ್ಚಾಯಿತು. ಇನ್ನೊಬ್ಬರು ಶಾಕ್ ಅಬ್ಸಾರ್ಬರು ಬದಲಾಯಿಸಿ ಎಂದರು. ಅತ್ತೆಯವರ ಸಲಹೆ ಎಲ್ಲಕ್ಕಿಂತ ಸರಳವಾಗಿತ್ತು: "ಎಡಗಡೆ ರುಬ್ಬುಗುಂಡು ಇಟ್ಟುಬಿಡ್ರಪ್ಪ, ತಕ್ಕಡಿ ಸಮ ಆಗುತ್ತೆ." ನಗಬೇಡಿ, ಎರಡು ದಿನ ನಮ್ಮ ವ್ಯಾನಿನಲ್ಲಿ ರುಬ್ಬುಗುಂಡು ಪ್ರಯಾಣ ಮಾಡಿದ್ದುಂಟು. ಮೂರನೆಯ ದಿನ ತಿರುವಿನಲ್ಲಿ ಉರುಳಿಕೊಂಡು ಬಂದು ಬಲಗಡೆಗೇ ಸೇರಿತು.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೋರ್ಡಿನ ಮೇಲೆ ಚಿತ್ರ ಬರೆದು ತಿಳಿಸಿದರು. ಓಮ್ನಿಯ ಹಿಂಭಾಗದಲ್ಲಿ ಎರಡು ಕಡೆಯೂ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಅದೇ ಬ್ಲೇಡು. ಭಾರ ಹೊರುವುದು ಅದು. ಶಾಕ್ ಅಬ್ಸಾರ್ಬರಿನ ಕೆಲಸ ಭಾರ ಹೊರುವುದಲ್ಲ, ಹಳ್ಳಕ್ಕೆ ಬಿದ್ದಮೇಲೆ ಗಾಡಿ ಕುಣಿಯುತ್ತಲೇ ಇರದಂತೆ ತಡೆಯುವುದು. ಅದನ್ನು ಹೊಸದಾಗಿ ಹಾಕಿಸಿದರೆ ಕುಣಿತ ನಿಂತೀತು, ವಾಲುವುದು ನಿಲ್ಲದು. ಭಾರ ಎಷ್ಟು ಹೆಚ್ಚೋ ಸ್ಪ್ರಿಂಗು ಅಷ್ಟು ಬಾಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ವಿಜ್ಞಾನಿ 1678ರಲ್ಲಿ ಪುಸ್ತಕ ಬರೆದು ವಿವರಿಸಿದನಂತೆ. ಭಾರ ಇಳಿಸಿದರೆ ಅದು ಮೊದಲಿನ ಹಾಗಾಗಬೇಕು. "ಆದರೆ ಅದಕ್ಕೂ ಒಂದು ಮಿತಿ ಇದೆ. ಮಿತಿ ಮೀರಿ ಬಗ್ಗಿಸಿದರೆ ಉಕ್ಕೂ ಹಿಂದಕ್ಕೆ ಬರುವುದಿಲ್ಲ. ಮಿತಿಯೊಳಗೇ ಇದ್ದರೂ ಲಕ್ಷಾಂತರ ಸಲ ಬಾಗಿ ಬಾಗಿ ಕೊನೆಗೊಂದು ದಿನ ಬಿರುಕು ಬಿಡಬಹುದು" ಎಂದರು ಅವರು.

ಹಾಗಾದರೆ ನಮ್ಮ ಗಾಡಿಯ ಬಲಗಡೆಯೇ ಯಾಕೆ? ಯೋಚಿಸಿದರೆ ತಪ್ಪು ಗಾಡಿಯದಲ್ಲ, ನಮ್ಮದೇ. ನಮ್ಮವರು ದಿನವೂ ಒಬ್ಬರೇ ಬಲಗಡೆ ಕೂತು ಓಡಿಸುತ್ತಿದ್ದರು. ಭಾನುವಾರ ತೋಟಕ್ಕೆ ಹೋದಾಗ ಹಿಂದಿನ ಸೀಟಿನ ಎಡಗಡೆಯ ಕಿಟಕಿ ಅತ್ತೆಯವರ ಖಾಯಂ ಜಾಗ. ತೆಂಗಿನಕಾಯಿ ಮೂಟೆಗಳೆಲ್ಲ ಬಲಗಡೆಗೆ. ಅತ್ತೆಯವರು ಹಕ್ಕಿಯಂತೆ ಹಗುರ. ಮೂಟೆಗಳು ಹಾಗಲ್ಲ. ಏಳು ವರ್ಷ ಪ್ರತಿ ಭಾನುವಾರ ಇದೇ ನಡೆದಿತ್ತು.

ಏಪ್ರಿಲಿನಲ್ಲಿ ರಜೆ ಬಂತು. ನಮ್ಮವರು ಕೂಡಲೇ ಸ್ಪ್ಯಾನರು ಹಿಡಿದು ಹೊರಟಾಗ ನಾನು ತಡೆದೆ. ಉತ್ತರ ಪತ್ರಿಕೆ ನೋಡದೆ ಅಂಕ ಕೊಡುವುದು ನಮ್ಮ ವೃತ್ತಿಗೆ ಒಗ್ಗುವುದಿಲ್ಲ. "ಎಷ್ಟು ವಾಲಿದೆ ಅಂತ ಮೊದಲು ಅಳೆಯೋಣ ಕಣ್ರೀ" ಎಂದೆ. ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದೆ. ಪೋರ್ಟಿಕೋದಲ್ಲಿ ಕಣ್ಣಳತೆಗೆ ಬಲಗಡೆ ಮೂರು ನಾಲ್ಕು ಬೆರಳು ತಗ್ಗು ಕಾಣುತ್ತಿತ್ತು. ನಮ್ಮವರು ಗಾಡಿಯನ್ನು ಹೊರಗೆ ತೆಗೆದು, ತಿರುಗಿಸಿ, ಹಿಂಭಾಗ ಒಳಗೆ ಬರುವಂತೆ ನಿಲ್ಲಿಸಿದರು. ಆಶ್ಚರ್ಯವೆಂದರೆ ವಾಲಿದ್ದು ಅರ್ಧಕ್ಕರ್ಧ ಮಾಯವಾಗಿತ್ತು!

ಮೊದಲು ಇಬ್ಬರಿಗೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಮಳೆನೀರು ನಿಲ್ಲದಿರಲೆಂದು ಪೋರ್ಟಿಕೋದ ನೆಲವನ್ನು ಕಟ್ಟುವಾಗಲೇ ರಸ್ತೆಯ ಕಡೆಗೂ ಮೋರಿಯ ಕಡೆಗೂ ಸ್ವಲ್ಪ ಇಳಿಜಾರು ಮಾಡಿದ್ದರು. ಮೊದಲು ನಿಲ್ಲಿಸಿದ್ದಾಗ ಗಾಡಿಯ ಬಲಗಡೆ ಮೋರಿಯ ಕಡೆಗಿತ್ತು, ನೆಲದ ತಗ್ಗೂ ಗಾಡಿಯ ತಗ್ಗೂ ಕೂಡಿಕೊಂಡಿದ್ದವು. ತಿರುಗಿಸಿದಾಗ ಒಂದರಿಂದ ಇನ್ನೊಂದು ಕಳೆದುಹೋಗಿತ್ತು. ತರಗತಿಯಲ್ಲಿ ಇಬ್ಬರು ಹುಡುಗರು ಜಗಳವಾಡಿ ಬಂದರೆ ಒಬ್ಬನ ಮಾತು ಕೇಳಿ ತೀರ್ಪು ಕೊಡಬಾರದೆಂದು ಇಪ್ಪತ್ತೈದು ವರ್ಷದಿಂದ ಗೊತ್ತಿದ್ದವಳಿಗೆ ಗಾಡಿಯನ್ನೂ ಎರಡು ಕಡೆಯಿಂದ ನೋಡಬೇಕೆಂದು ತಿಳಿದಿರಲಿಲ್ಲ.

ಗಾಡಿಯನ್ನು ಪಕ್ಕದ ಬೀದಿಯ ಗೋದಾಮಿನ ಮುಂದಿನ ಕಾಂಕ್ರೀಟು ನೆಲಕ್ಕೆ ಒಯ್ದೆವು. ಗಾರೆಯವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಹಾಗೆ ನೋಡಿ ನೆಲ ಸಮವಾಗಿದೆಯೆಂದು ಖಚಿತ ಮಾಡಿಕೊಂಡೆವು. ಹಿಂದಿನ ಎರಡೂ ಟೈರಿಗೆ ಒಂದೇ ಅಳತೆಯ ಗಾಳಿ ಹಿಡಿಸಿದೆವು. ಮೂಟೆ, ಜಾಕು, ಅತ್ತೆ, ಎಲ್ಲವನ್ನೂ ಇಳಿಸಿದೆವು. ಹಿಂಭಾಗವನ್ನು ಎರಡು ಸಲ ಅದುಮಿ ಕುಲುಕಿಸಿ ಅದು ತಾನಾಗಿಯೇ ನಿಲ್ಲುವಂತೆ ಬಿಟ್ಟೆವು. ಆಮೇಲೆ ಚಕ್ರದ ನಡುಮಧ್ಯದಿಂದ ಮೇಲಿನ ತಗಡಿನ ಅಂಚಿನವರೆಗೆ ನಾಲ್ಕು ಕಡೆ ಅಳೆದೆ. ನೆಲದಿಂದ ಅಳೆಯದೆ ಚಕ್ರದ ಮಧ್ಯದಿಂದ ಅಳೆದರೆ ಟೈರಿನ ಸವೆತ, ಗಾಳಿಯ ಹೆಚ್ಚು ಕಡಿಮೆ ಲೆಕ್ಕಕ್ಕೆ ಬರುವುದಿಲ್ಲ ಎಂದು ವಿಜ್ಞಾನದ ಮೇಡಂ ಹೇಳಿಕೊಟ್ಟಿದ್ದರು. ಮುಂದಿನ ಎರಡು ಚಕ್ರಕ್ಕೂ ಅರ್ಧ ಸೆಂಟಿಮೀಟರಿನ ವ್ಯತ್ಯಾಸ. ಹಿಂದೆ ಎಡಕ್ಕಿಂತ ಬಲ ಮೂರು ಸೆಂಟಿಮೀಟರು ಕಡಿಮೆ. ಸೀಮೆಸುಣ್ಣದಲ್ಲಿ ಪೋರ್ಟಿಕೋದ ಗೋಡೆಯ ಮೇಲೆ ಬರೆದಿಟ್ಟೆ.

ಟಾರ್ಚು ಹಿಡಿದು ಬಗ್ಗಿ ನೋಡಿದರೆ ಕಾರಣ ಕಣ್ಣಿಗೇ ಬಿತ್ತು. ಎಡಗಡೆಯ ಬ್ಲೇಡಿನಲ್ಲಿ ಇನ್ನೂ ಸ್ವಲ್ಪ ಬಾಗು ಉಳಿದಿತ್ತು. ಬಲಗಡೆಯದು ಅಡಿಕೋಲಿನಂತೆ ನೇರವಾಗಿತ್ತು. ಅದರ ಒಂದು ಪಟ್ಟಿಯ ಮೇಲೆ ಅಡ್ಡಡ್ಡಲಾಗಿ ಕಂದು ತುಕ್ಕಿನ ಗೆರೆ. ಅದು ಗೆರೆಯಲ್ಲ, ಬಿರುಕು.

ಆವತ್ತೇ ಯಾರನ್ನಾದರೂ ಕರೆಯಬಹುದಿತ್ತು. ನಾನು ಹೇಳಿಯೂ ಹೇಳಿದೆ. ನಮ್ಮವರು ಕೇಳಲಿಲ್ಲ. "ನಾಲ್ಕು ನಟ್ಟು ಬಿಚ್ಚಿದರೆ ಬ್ಲೇಡು ಕೈಗೆ ಬರುತ್ತೆ. ಬಿಚ್ಚಿಕೊಂಡು ಹೋದರೆ ಬ್ಲೇಡ್ ಅಂಗಡಿಯವನು ಒಂದು ಪಟ್ಟಿ ಹಾಕಿಕೊಡ್ತಾನೆ. ಸಾವಿರದೊಳಗೆ ಮುಗಿಯೋ ಕೆಲಸ" ಎಂದರು. ಆರು ಸಾವಿರಕ್ಕೆ ಇವರು ಇಷ್ಟು ಹಟ ಹಿಡಿಯುತ್ತಾರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು. ಆ ವರ್ಷ ಎಲ್ಲಕ್ಕೂ ಹಾಗೆಯೇ ಆಗಿತ್ತು. ಯುಗಾದಿಗೆ ಅವರು ತಮಗೆ ಬಟ್ಟೆ ತೆಗೆದುಕೊಂಡಿರಲಿಲ್ಲ. ಸಂಜೆಯ ಕಾಫಿಗೆ ಹೋಟೆಲಿಗೆ ಹೋಗುವುದು ಬಿಟ್ಟಿದ್ದರು. ವಯಸ್ಸಾದಂತೆ ಜಿಪುಣತನ ಬಂತೆಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೆಲಸಕ್ಕೆ ಇಳಿದರು. ಪೋರ್ಟಿಕೋದಲ್ಲೇ ಗಾಡಿ, ಮುಖ ರಸ್ತೆಗೆ. ಹ್ಯಾಂಡ್ ಬ್ರೇಕು ಎಳೆದು, ಗೇರಿನಲ್ಲಿ ನಿಲ್ಲಿಸಿ, ಗಾಡಿಯ ಜೊತೆಗೇ ಬಂದಿದ್ದ ಜಾಕಿನಿಂದ ಬಲಗಡೆಯ ಹಿಂಭಾಗವನ್ನು ಎತ್ತಿ ಚಕ್ರ ಬಿಚ್ಚಿದರು. ಇನ್ನೇನು ಕೆಳಗೆ ತೂರಬೇಕು, ಅಷ್ಟರಲ್ಲಿ ಅತ್ತೆಯವರು ಬಾಗಿಲಿಗೆ ಬಂದು ನಿಂತರು.

"ಏನೋ ಇದು, ಬರೀ ಆ ಕಬ್ಬಿಣದ ಕಡ್ಡಿ ಮ್ಯಾಲೆ ನಿಲ್ಲಿಸಿ ಅದರ ಕೆಳಗೆ ಹೋಗ್ತೀಯಾ?"

"ಐದು ನಿಮಿಷದ ಕೆಲಸ ಕಣಮ್ಮ."

"ನಿಮ್ಮಪ್ಪ ಎತ್ತಿನ ಗಾಡಿ ಚಕ್ರ ಬಿಚ್ಚೋವಾಗಲೂ ಮರದ ಆನಿಕೆ ಕೊಡದೆ ಕೈ ಹಾಕ್ತಿರಲಿಲ್ಲ. ಹಿತ್ತಲಲ್ಲಿ ತೊಲೆ ತುಂಡು ಅವೆ, ತಂದು ಕೊಡು."

ಆ ತೊಲೆ ತುಂಡುಗಳ ವಿಚಾರ ಹೇಳಬೇಕು. ಮಾವನವರ ಊರಿನ ತೊಟ್ಟಿ ಮನೆ ಕೆಡವಿದಾಗ ಬಾಗಿಲು, ಕಂಬ, ತೊಲೆ ಎಲ್ಲವನ್ನೂ ಮಾರಿದ್ದಾಯಿತು. ನಾಲ್ಕು ತುಂಡು ತೊಲೆಯನ್ನು ಮಾತ್ರ ಅತ್ತೆಯವರು ಹಟ ಹಿಡಿದು ತರಿಸಿ ಹಿತ್ತಲಲ್ಲಿ ಇಡಿಸಿದ್ದರು. ಒಂದೊಂದೂ ಎರಡು ಅಡಿ ಉದ್ದ, ಮುಕ್ಕಾಲಡಿ ದಪ್ಪ. ಗೆದ್ದಲು ಮುಟ್ಟದ ಗಟ್ಟಿ ಮರ. "ಇವು ಯಾತಕ್ಕೆ ಅತ್ತೆ, ಚೇಳು ಸೇರಿಕೊಳ್ಳುತ್ತವೆ, ಸೌದೆಗೆ ಕೊಟ್ಟುಬಿಡೋಣ" ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ಅವರು ಕೊಟ್ಟಿರಲಿಲ್ಲ.

ನಮ್ಮವರು ಗೊಣಗಿದರು. ಅವರನ್ನು ಕೆಳಗೆ ಬಿಡದೆ ನಾನೂ ಅತ್ತೆಯೂ ಸೇರಿ ಒಂದೊಂದೇ ತುಂಡನ್ನು ಉರುಳಿಸಿಕೊಂಡು ತಂದೆವು. ಎರಡನ್ನು ಉದ್ದಕ್ಕೆ, ಅದರ ಮೇಲೆ ಎರಡನ್ನು ಅಡ್ಡಕ್ಕೆ ಇಟ್ಟು, ಗಾಡಿಯ ಅಡಿಯ ಗಟ್ಟಿ ಚೌಕಟ್ಟಿನ ಕೆಳಗೆ ತಳ್ಳಿದೆವು. ತೊಲೆಗೂ ಗಾಡಿಗೂ ನಡುವೆ ಎರಡು ಬೆರಳಿನ ಸಂದು ಉಳಿಯಿತು. "ಈಗ ಸಮಾಧಾನವೇ?" ಎಂದು ಕೇಳಿ ನಮ್ಮವರು ಗೋಣಿಚೀಲ ಹಾಸಿಕೊಂಡು ಎದೆಯವರೆಗೂ ಒಳಗೆ ತೂರಿಕೊಂಡರು.

ಬ್ಲೇಡನ್ನು ಅಚ್ಚಿಗೆ ಬಿಗಿದಿಡುವ ಯು ಬೋಲ್ಟುಗಳ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಸುರಿದರೂ ಬಿಡಲಿಲ್ಲ. ಸ್ಪ್ಯಾನರಿಗೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ ಬಲ ಹಾಕಿ ಎಳೆದರು. ಒಂದು ಸಲ, ಎರಡು ಸಲ. ಮೂರನೆಯ ಸಲ ಎಳೆದಾಗ ಗಾಡಿ ಮುಂದಕ್ಕೆ ಒಂದು ಗೇಣಿನಷ್ಟು ಜರುಗಿದ್ದನ್ನು ನಾನು ನೋಡಿದೆ. ಬಾಯಿಂದ ಮಾತು ಹೊರಡುವ ಮೊದಲೇ ಜಾಕು ಓರೆಯಾಗಿ ಠಣ್ ಎಂದು ಹಾರಿತು. ಗಾಡಿಯ ಹಿಂಭಾಗ ಧಡಾರನೆ ಕುಸಿಯಿತು.

ಆಮೇಲಿನ ಒಂದು ಗಳಿಗೆ ಎಷ್ಟು ಉದ್ದವಾಗಿತ್ತೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಅವರ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದಿತ್ತು. "ರೀ" ಎಂದೆ. ಸದ್ದಿಲ್ಲ. ಮತ್ತೆ "ರೀ" ಎಂದೆ. ಕೆಳಗಿನಿಂದ, ಯಾರದೋ ದನಿಯಂತೆ, "ಏನೂ ಆಗಿಲ್ಲ. ಎಳೆದುಕೋ" ಎಂದು ಕೇಳಿಸಿತು. ನಾನು ಒಂದು ಕಾಲು, ಅತ್ತೆ ಒಂದು ಕಾಲು ಹಿಡಿದು ಎಳೆದೆವು. ಮೊಣಕೈ ತರಚಿತ್ತು, ಅಂಗಿ ಹರಿದಿತ್ತು, ಅಷ್ಟೇ. ಗಾಡಿ ತೊಲೆಗಳ ಮೇಲೆ ಕುಳಿತಿತ್ತು. ಎರಡು ಬೆರಳಿನ ಸಂದು ಮುಚ್ಚಿಹೋಗಿತ್ತು. ಆ ತೊಲೆಗಳು ಇಲ್ಲದಿದ್ದರೆ ಮುಚ್ಚಿಹೋಗುತ್ತಿದ್ದ ಸಂದು ಯಾವುದೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸದ್ದು ಕೇಳಿ ಹಿಂದಿನ ಬೀದಿಯ ಲಾರಿ ಡ್ರೈವರು ಓಡಿಬಂದರು. ಮೂವತ್ತು ವರ್ಷ ಲಾರಿ ಓಡಿಸಿದವರು. ಸುತ್ತ ಒಂದು ಸಲ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡರು. "ಸಾರ್, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಿಲ್ಲವಲ್ಲ! ಈ ಗಾಡೀಲಿ ಹ್ಯಾಂಡ್ ಬ್ರೇಕು ಹಿಡಿಯೋದೂ ಹಿಂದಿನ ಚಕ್ರಾನೇ, ಇಂಜಿನ್ನು ತಿರುಗಿಸೋದೂ ಹಿಂದಿನ ಚಕ್ರಾನೇ. ಒಂದು ಹಿಂಚಕ್ರ ನೆಲ ಬಿಟ್ಟರೆ ಗೇರಿಗೆ ಹಿಡಿತ ಇಲ್ಲ, ಅದು ಗಾಳೀಲಿ ತಿರುಗುತ್ತೆ. ಉಳಿದದ್ದು ಇನ್ನೊಂದು ಚಕ್ರದ ಬ್ರೇಕು ಮಾತ್ರ. ಹಳೇ ಕೇಬಲ್ಲು, ಇಳಿಜಾರು ನೆಲ, ನೀವು ಪೈಪು ಹಾಕಿ ಎಳೆದಿದ್ದೀರಿ. ಜಾಕು ಇರೋದು ಗಾಡಿ ಎತ್ತೋಕೆ ಸಾರ್, ಹಿಡಿಯೋಕಲ್ಲ." ಇಟ್ಟಿಗೆ, ಸಿಮೆಂಟು ಬ್ಲಾಕುಗಳನ್ನು ಆನಿಕೆಗೆ ಇಡಬಾರದು, ಭಾರಕ್ಕೆ ಸೂಚನೆಯಿಲ್ಲದೆ ಒಡೆದು ಪುಡಿಯಾಗುತ್ತವೆ ಎಂದೂ ಹೇಳಿದರು. ತೊಲೆಗಳನ್ನು ಅಡ್ಡ ಉದ್ದ ಜೋಡಿಸಿದ್ದನ್ನು ನೋಡಿ, "ಇದನ್ನ ಇಟ್ಟವರು ಯಾರು?" ಎಂದು ಕೇಳಿದರು. ಅತ್ತೆಯವರು ಅಷ್ಟರಲ್ಲಿ ಒಳಗೆ ಹೋಗಿ ದೇವರ ಮುಂದೆ ಕೂತಿದ್ದರು.

ನಾನು ಮೂರು ದಿನ ನಮ್ಮವರ ಜೊತೆ ಮಾತಾಡಲಿಲ್ಲ. ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಮೂರನೆಯ ರಾತ್ರಿ ಅವರೇ ಬಂದು ಪಕ್ಕದಲ್ಲಿ ಕೂತು, "ನಿನ್ನ ಹತ್ತಿರ ಒಂದು ಮಾತು ಹೇಳಬೇಕು" ಎಂದರು. ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಕಚೇರಿಯ ಸ್ನೇಹಿತರೊಬ್ಬರು ಮಗಳ ಮದುವೆಗೆ ಸಾಲ ತೆಗೆದಾಗ ಇವರು ಜಾಮೀನು ಹಾಕಿದ್ದರು. ಅವರು ಸಾಲ ಕಟ್ಟಲಿಲ್ಲ. ಹದಿನಾಲ್ಕು ತಿಂಗಳಿಂದ ಇವರ ಸಂಬಳದಲ್ಲಿ ಅದು ಮುರಿದುಹೋಗುತ್ತಿತ್ತು. ನನಗೆ ತಿಳಿದರೆ ನೊಂದುಕೊಳ್ಳುತ್ತೇನೆ, ಅಮ್ಮನಿಗೆ ತಿಳಿದರೆ ಊಟ ಬಿಡುತ್ತಾರೆ ಎಂದು ಹೇಳಿರಲಿಲ್ಲ. ಮನೆಯ ಖರ್ಚಿನಲ್ಲಿ ನಮಗೆ ಏನೂ ಕಡಿಮೆಯಾಗದಂತೆ ತಮ್ಮ ಬಟ್ಟೆ, ತಮ್ಮ ಕಾಫಿ, ತಮ್ಮ ಕನ್ನಡಕ, ಎಲ್ಲವನ್ನೂ ಕಡಿಮೆ ಮಾಡಿಕೊಂಡು ದೂಗಿಸುತ್ತಿದ್ದರು. ಬ್ಲೇಡಿನ ಆರು ಸಾವಿರ ಅವರಿಗೆ ನಿಜವಾಗಿಯೂ ಇರಲಿಲ್ಲ.

ನನಗೆ ಬೈಯಬೇಕೆನಿಸಿತು. ಬೈದೆನೂ ಕೂಡ. "ಊರಿಗೆ ಉಪಕಾರಿ" ಎಂದು ಗಾದೆ ಶುರುಮಾಡಿದವಳು ಅವರ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದೆ. ನಾನೂ ತಿಂಗಳ ಕೊನೆಗೆ ಸಂಬಳ ತರುವವಳೇ ಅಲ್ಲವೇ? ಅವರು ದುಡ್ಡು ಕಳೆದುಕೊಂಡದ್ದಕ್ಕಿಂತ ನನ್ನನ್ನು ಹೊರಗಿಟ್ಟದ್ದು ಹೆಚ್ಚು ನೋಯಿಸಿತು. ಹದಿನಾಲ್ಕು ತಿಂಗಳು ಒಂದೇ ಮನೆಯಲ್ಲಿ, ಒಂದೇ ಟೇಬಲ್ಲಿನಲ್ಲಿ ಉಂಡು, ಇವರು ಒಂದು ಕಡೆಗೆ ಕುಸಿಯುತ್ತಿರುವುದನ್ನು ನಾನು ಜಿಪುಣತನ ಎಂದುಕೊಂಡಿದ್ದೆನಲ್ಲ ಎಂಬುದು ಅದಕ್ಕಿಂತಲೂ ಹೆಚ್ಚು ನೋಯಿಸಿತು. ಗಾಡಿ ವಾಲಿದ್ದು ಅತ್ತೆಯವರ ಹಳೇ ಕನ್ನಡಕಕ್ಕೆ ಕಂಡಿತ್ತು. ಇದು ಯಾರ ಕಣ್ಣಿಗೂ ಕಂಡಿರಲಿಲ್ಲ.

ಮರುದಿನ ನನ್ನ ಚೀಟಿ ದುಡ್ಡಿನಲ್ಲಿ ಏಳು ಸಾವಿರ ತೆಗೆದು ಟೇಬಲ್ಲಿನ ಮೇಲೆ ಇಟ್ಟೆ. ಮುಂದಿನ ಭಾನುವಾರ ಲಾರಿ ಡ್ರೈವರೇ ಮುಂದೆ ನಿಂತರು. ಗೋದಾಮಿನ ಮುಂದಿನ ಸಮ ನೆಲ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು, ಬಾಡಿಗೆಗೆ ತಂದ ದೊಡ್ಡ ಜಾಕು, ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡು. ಜೊತೆಗೆ ನಮ್ಮ ನಾಲ್ಕು ತೊಲೆ. ಕೆಳಗೆ ತೂರುವ ಮೊದಲು ಡ್ರೈವರು ಗಾಡಿಯನ್ನು ಕೈಯಿಂದ ಬಲವಾಗಿ ಅಲ್ಲಾಡಿಸಿ ನೋಡಿದರು. "ಬೀಳೋ ಹಂಗಿದ್ರೆ ಈಗಲೇ ಬೀಳಲಿ" ಎಂದರು. ನಮ್ಮವರು ಸ್ಪ್ಯಾನರು ಹಿಡಿದರು, ನಾನು ನಟ್ಟುಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಮೊರದಲ್ಲಿ ಜೋಡಿಸಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯ ಬ್ಲೇಡು ಹೊರಗೆ ಬಂದವು.

ಹೆದ್ದಾರಿಯ ಪಕ್ಕದ ಬ್ಲೇಡ್ ಅಂಗಡಿಗೆ ಆಟೋದಲ್ಲಿ ಒಯ್ದೆವು. ಬಿಳಿ ಗಡ್ಡದ ಹಿರಿಯರೊಬ್ಬರು ಕೆಲಸ ಮಾಡುತ್ತಿದ್ದರು. ನಡುವಿನ ಬೋಲ್ಟು ಬಿಚ್ಚಿ ಪಟ್ಟಿಗಳನ್ನು ಬೇರೆ ಬೇರೆ ಮಾಡಿದಾಗ ಬಿರುಕು ಬಿಟ್ಟ ಪಟ್ಟಿ ಅವರ ಕೈಯಲ್ಲೇ ಎರಡು ತುಂಡಾಯಿತು. "ತೆಂಗಿನಕಾಯಿ ಹೇರಿಕೊಂಡು ಓಡುವಾಗ ಇದು ಮುರಿದು, ಉಳಿದ ಪಟ್ಟಿಗಳೂ ಕೈಕೊಟ್ಟಿದ್ದರೆ ಅಚ್ಚು ಜರುಗಿ ಗಾಡಿ ನಿಮ್ಮ ಮಾತು ಕೇಳ್ತಿರಲಿಲ್ಲ" ಎಂದರು. ಮುರಿದದ್ದಕ್ಕೆ ಬದಲು ಬೇರೆ ಪಟ್ಟಿ ಹಾಕಿದರು. ಚಪ್ಪಟೆಯಾದವನ್ನು ದೊಡ್ಡ ಕಬ್ಬಿಣದ ಮೇಲಿಟ್ಟು ಒಂದೇ ಸಮ ಸುತ್ತಿಗೆಯಲ್ಲಿ ಬಡಿದು ಬಾಗು ತಂದರು. ಕೆಂಪಗೆ ಕಾಯಿಸಿ ಬಗ್ಗಿಸಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. "ಸುಮ್ಮನೆ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಹೋಗುತ್ತಮ್ಮ. ನೋಡೋಕೆ ಚೆನ್ನಾಗಿರುತ್ತೆ, ನಾಲ್ಕು ದಿನಕ್ಕೆ ಮತ್ತೆ ಮಲಗುತ್ತೆ. ತಣ್ಣಗಿದ್ದಾಗಲೇ ನಿಧಾನಕ್ಕೆ ಬಡಿಯಬೇಕು" ಎಂದರು.

ನಮ್ಮವರು ಆಗಲೂ ಕೇಳಿದರು: "ಬಲಗಡೆ ಒಂದನ್ನು ಮಾಡಿದರೆ ಸಾಕಾಗ್ತಿರಲಿಲ್ಲವಾ?"

ಹಿರಿಯರು ಸುತ್ತಿಗೆ ಕೆಳಗಿಟ್ಟು ನಕ್ಕರು. "ಸಾರ್, ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದ ಚಪ್ಪಲಿ ಹಾಕಿಕೊಂಡು ನಡೀತೀರಾ? ಬಲಗಡೆ ಮಾತ್ರ ಎತ್ತಿದರೆ ನಾಳೆ ಎಡಕ್ಕೆ ವಾಲುತ್ತೆ."

ಯು ಬೋಲ್ಟುಗಳನ್ನು ಹಳೆಯವನ್ನೇ ಹಾಕದೆ ಹೊಸದು ಕೊಂಡೆವು. ಬ್ಲೇಡಿನ ಎರಡು ತುದಿಯ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಸಿಕ್ಕಿಸಿ, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಅದರ ಭಾರ ಅದರ ಕಾಲ ಮೇಲೆ ಬಿದ್ದ ನಂತರವೇ ಪೂರ್ತಿ ಬಿಗಿದರು. ನೇತಾಡುತ್ತಿರುವಾಗಲೇ ಬಿಗಿದರೆ ಒಳಗಿನ ರಬ್ಬರ್ ಬುಷ್ಷು ತಿರುಚಿಕೊಂಡು ಬೇಗ ಹರಿಯುತ್ತದಂತೆ. ಕೆಲವು ದಿನ ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿಯಬೇಕು, ಹೊಸದಾಗಿ ಜೋಡಿಸಿದ್ದು ಸ್ವಲ್ಪ ಕೂತುಕೊಳ್ಳುತ್ತದೆ ಎಂದರು. ಮದುವೆಯಾದ ಹೊಸದರಲ್ಲಿ ನನ್ನ ತಾಯಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿ ಕಳಿಸಿದ್ದರು.

ಸಂಜೆ ಮತ್ತೆ ಟೇಪು ಹಿಡಿದು ಅಳೆದೆ. ಹಿಂದೆ ಎಡಕ್ಕೂ ಬಲಕ್ಕೂ ಅರ್ಧ ಸೆಂಟಿಮೀಟರು ವ್ಯತ್ಯಾಸ ಉಳಿದಿತ್ತು. ನಮ್ಮವರಿಗೆ ಅದೂ ಹೋಗಬೇಕೆಂಬ ಆಸೆ, ಒಂದು ತಗಡು ಸೇರಿಸೋಣವೇ ಎಂದು ಲೆಕ್ಕ ಹಾಕತೊಡಗಿದರು. "ಅಷ್ಟು ಇರಲಿ ಬಿಡಿ. ನಮ್ಮಿಬ್ಬರ ನಡುವೆ ಅದಕ್ಕಿಂತ ಜಾಸ್ತಿ ಇದೆ" ಎಂದೆ. ಎಷ್ಟೋ ದಿನದ ಮೇಲೆ ಅವರು ಗಟ್ಟಿಯಾಗಿ ನಕ್ಕರು.

ಆಮೇಲೆ ಮನೆಯಲ್ಲಿ ಎರಡು ಬದಲಾವಣೆಯಾದವು. ಮೂಟೆಗಳನ್ನು ಎಡಕ್ಕೆ ಒಂದು ಬಲಕ್ಕೆ ಒಂದು ಹಂಚಿ ಇಡತೊಡಗಿದೆವು, ಅತ್ತೆಯವರು ನಡುವೆ ಕೂರತೊಡಗಿದರು. ನಡುವೆ ಕಿಟಕಿ ಇಲ್ಲವೆಂದು ಒಂದು ತಿಂಗಳು ಮುನಿಸಿಕೊಂಡಿದ್ದರು. ಎರಡನೆಯದು, ಪ್ರತಿ ತಿಂಗಳು ನಮ್ಮಿಬ್ಬರ ಸಂಬಳದ ಚೀಟಿಗಳು ಒಂದೇ ಟೇಬಲ್ಲಿನ ಮೇಲೆ ಅಕ್ಕಪಕ್ಕ ಬರತೊಡಗಿದವು. ಉಳಿದ ಜಾಮೀನಿನ ಸಾಲವನ್ನು ಇಬ್ಬರೂ ಸೇರಿ ಒಂದೂವರೆ ವರ್ಷದಲ್ಲಿ ತೀರಿಸಿದೆವು.

ಅತ್ತೆಯವರು 2021ರಲ್ಲಿ ತೀರಿಕೊಂಡರು. ನಮ್ಮವರು ನಿವೃತ್ತರಾಗಿದ್ದಾರೆ. ವ್ಯಾನನ್ನು ಕಳೆದ ವರ್ಷ ಕೊಟ್ಟುಬಿಟ್ಟೆವು. ಪೋರ್ಟಿಕೋಗೆ ಸುಣ್ಣ ಹೊಡೆಸುವಾಗ ಗೋಡೆಯ ಮೇಲಿದ್ದ ನನ್ನ ಅಳತೆಯ ಅಂಕಿಗಳೂ ಅಳಿಸಿಹೋದವು. ತೊಲೆ ತುಂಡುಗಳು ಮಾತ್ರ ಹಿತ್ತಲಿನಲ್ಲಿವೆ. ಮೊನ್ನೆ ಹಳೇ ಸಾಮಾನಿನವನು ಬಂದು ಅವನ್ನು ತಿರುಗಿಸಿ ಮುರುಗಿಸಿ ನೋಡಿ, ಒಳ್ಳೇ ಮರ, ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲೇ ನಮ್ಮವರು ಒಳಗಿನಿಂದ, "ಅದು ಕೊಡೋದಲ್ಲಪ್ಪ" ಎಂದರು.